ಸೀಸದ ವಿಷಯದಲ್ಲಿ ಪಾಲಕ್‌ನ ಸಾಕ್ಷಿ ನಂಬಬೇಡಿ

ಓದುಗರ ಪ್ರಶ್ನೆ: ಮಣ್ಣು, ನೀರು, ಸೊಪ್ಪು

ಹೋದ ಸಂಚಿಕೆಯಲ್ಲಿ ಹಟ್ಟಿಗೊಬ್ಬರದ ಬಗ್ಗೆ ಎರಡು ಪುಟ ಬರೆದಿದ್ದೆ. ನಡುವೆ ಎಲ್ಲೋ ರೈಲು ಹಳಿ ಬದಿಯ ಸೊಪ್ಪಿನ ಮಾತು ಒಂದು ಸಾಲಿನಲ್ಲಿ ಬಂದುಹೋಯಿತು. ಬಂದ ಪತ್ರಗಳೆಲ್ಲ ಆ ಒಂದು ಸಾಲಿಗೇ. ಗೊಬ್ಬರದ ಬಗ್ಗೆ ಕೇಳಿದವರು ಯಾರೂ ಇಲ್ಲ. ಇರಲಿ, ಈ ಸಲ ಸಂಪಾದಕರು ಪೂರ್ತಿ ಜಾಗವನ್ನು ಸೊಪ್ಪಿಗೇ ಬಿಟ್ಟಿದ್ದಾರೆ. ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ 31 ವರ್ಷ ಆಸಿಡ್ಡಿನ ಹೊಗೆ ಕುಡಿದವನ ಉತ್ತರಗಳಿವು. ವೈದ್ಯನಲ್ಲ ನಾನು, ಕಾಯಿಲೆಯ ಪ್ರಶ್ನೆಗಳನ್ನು ದಯವಿಟ್ಟು ವೈದ್ಯರ ಅಂಕಣಕ್ಕೆ ಕಳಿಸಿ.

ದಿನಾ ಬೆಳಿಗ್ಗೆ ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ಮುಂಬಯಿಯ ಸಿಎಸ್‌ಎಂಟಿ ಸ್ಟೇಷನ್ನಿಗೆ ಹೋಗುತ್ತೇನೆ. ದಾರಿಯಲ್ಲಿ ಹಳಿಗೆ ತಾಗಿಕೊಂಡೇ ಪಾಲಕ್, ಮೆಂತೆ, ಕೆಂಪು ಹರಿವೆಯ ಪಾತಿಗಳು, ಪಕ್ಕದಲ್ಲೇ ಕಪ್ಪು ಕೊಳಚೆಯ ನಾಲಾ. ಅಲ್ಲಿನ ಒಂದು ಕಟ್ಟು ಪಾಲಕ್ ಲ್ಯಾಬಿಗೆ ಕೊಟ್ಟರೆ ಆ ಮಣ್ಣಿನಲ್ಲಿ ಏನೇನು ವಿಷ ಇದೆ ಎಂದು ಗೊತ್ತಾಗುತ್ತದೆಯೇ? ಮಣ್ಣು ಅಗೆದು ತರಲು ನನ್ನಿಂದಾಗದು, ಸೊಪ್ಪಾದರೆ ಕೊಂಡು ತರಬಹುದು.
— ಓದುಗಿ, ಡೊಂಬಿವಲಿ ಪೂರ್ವ

ಅಮ್ಮಾ, ಅರ್ಧ ಗೊತ್ತಾಗುತ್ತದೆ. ಯಾವ ಅರ್ಧ ಎಂಬುದೇ ಇಲ್ಲಿ ಮುಖ್ಯ.

ಸೊಪ್ಪಿನ ಗಿಡ ಮಣ್ಣಿನಿಂದ ಎಲ್ಲ ಲೋಹವನ್ನೂ ಒಂದೇ ಸಮನೆ ಎಳೆದುಕೊಳ್ಳುವುದಿಲ್ಲ. ಕ್ಯಾಡ್ಮಿಯಂ ಎಂಬ ವಿಷಲೋಹ ಸತುವಿನ ದಾಯಾದಿ. ಗಿಡಕ್ಕೆ ಸತು ಬೇಕೇ ಬೇಕು, ಅದಕ್ಕೆಂದು ತೆರೆದ ಬಾಗಿಲಲ್ಲಿ ಕ್ಯಾಡ್ಮಿಯಂ ಕೂಡ ನುಸುಳಿ ಬೇರಿನಿಂದ ಎಲೆಯವರೆಗೆ ಹತ್ತುತ್ತದೆ. ಪಾಲಕ್, ಹರಿವೆ, ಲೆಟ್ಯೂಸ್ ಈ ವಿಷಯದಲ್ಲಿ ಧಾರಾಳಿಗಳು. ಸೀಸದ ಸ್ವಭಾವ ಬೇರೆ. ಅದು ಮಣ್ಣಿನ ಕಣವನ್ನು ಬಿಡದೆ ಹಿಡಿದುಕೊಂಡಿರುತ್ತದೆ, ಬಿಟ್ಟು ಬಂದರೂ ಬೇರಿನ ಸಿಪ್ಪೆಯಲ್ಲೇ ಕೂತುಬಿಡುತ್ತದೆ. ಎಲೆಗೆ ಹತ್ತುವುದು ತೀರಾ ಕಡಿಮೆ. ಕ್ರೋಮಿಯಂ ಕೂಡ ಹೀಗೇ.

ನಮ್ಮ ಲ್ಯಾಬಿನ ಕಪಾಟಿನಲ್ಲಿ ಒಂದು ಪುಟ್ಟ ಬಾಟಲಿ ಇತ್ತು. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ ಮಾರುವ ಒಣ ಪಾಲಕ್ ಪುಡಿ, ನಂಬರ್ 1570ಎ. ಯಂತ್ರ ಸರಿಯಾಗಿ ಓದುತ್ತಿದೆಯೋ ಇಲ್ಲವೋ ನೋಡಲು ಇಟ್ಟುಕೊಳ್ಳುವ ಮಾನದಂಡದ ಪುಡಿ ಅದು. ಔಷಧದ ಬಾಟಲಿಯಷ್ಟಿದ್ದ ಅದನ್ನು ನಾವು ಬಂಗಾರದ ಹಾಗೆ ತೂಗುತ್ತಿದ್ದೆವು. ಒಣ ಪುಡಿಯ ಲೆಕ್ಕದಲ್ಲಿ ಅದರ ಕ್ಯಾಡ್ಮಿಯಂ ಕೆಜಿಗೆ ಸುಮಾರು 2.9 ಮಿಲಿಗ್ರಾಂ, ಸೀಸ ಸುಮಾರು 0.2. ಈಗ ನೋಡಿ, ಯಾವುದೇ ಸಾಧಾರಣ ಹೊಲದ ಮಣ್ಣಿನಲ್ಲಿ ಸೀಸ ಕೆಜಿಗೆ ಹತ್ತಿಪ್ಪತ್ತು ಮಿಲಿಗ್ರಾಂ ಇದ್ದರೆ ಕ್ಯಾಡ್ಮಿಯಂ ಒಂದು ಮಿಲಿಗ್ರಾಂ ಕೂಡ ಇರುವುದಿಲ್ಲ. ಎಲೆಗೆ ಬರುವಾಗ ಲೆಕ್ಕ ತಲೆಕೆಳಗಾಗಿದೆ. ಪಾಲಕ್‌ನ ಗುಣ ತಿಳಿಯಲು ಆ ಒಂದು ಬಾಟಲಿ ಸಾಕು.

ಆದ್ದರಿಂದ ನಿಮ್ಮ ಕಟ್ಟಿನಲ್ಲಿ ಕ್ಯಾಡ್ಮಿಯಂ ಹೆಚ್ಚು ಕಂಡರೆ ಮಣ್ಣನ್ನೋ ನೀರನ್ನೋ ಶಂಕಿಸಬಹುದು. ಸೀಸ ಹೆಚ್ಚು ಕಂಡರೆ ಮೊದಲು ಧೂಳನ್ನು ಶಂಕಿಸಿ. ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದ ಕಾಲದಲ್ಲಿ (ದೇಶದಾದ್ಯಂತ ಅದು ನಿಂತದ್ದು 2000ದ ಫೆಬ್ರುವರಿಯಿಂದ) ರಸ್ತೆ ಬದಿಯ ಮೆಂತೆಯನ್ನು ಎರಡು ಪಾಲು ಮಾಡಿ, ಒಂದನ್ನು ತೊಳೆದು ಇನ್ನೊಂದನ್ನು ತೊಳೆಯದೆ ನೋಡುತ್ತಿದ್ದೆವು. ತೊಳೆದ ಪಾಲಿನಲ್ಲಿ ಸೀಸ ಗಣನೀಯವಾಗಿ ಇಳಿಯುತ್ತಿತ್ತು, ಕ್ಯಾಡ್ಮಿಯಂ ಮಾತ್ರ ಇದ್ದಲ್ಲೇ ಇರುತ್ತಿತ್ತು. ತೊಳೆದರೆ ಹೋಗುವುದು ಹೊರಗಿನಿಂದ ಬಂದದ್ದು, ಹೋಗದ್ದು ಒಳಗಿನಿಂದ ಬಂದದ್ದು. ಹಳಿ ಬದಿಯಲ್ಲಿ ಬ್ರೇಕಿನ ಧೂಳೂ ಮೇಲಿನ ವಿದ್ಯುತ್ ತಂತಿಯ ತಾಮ್ರದ ಸವೆತವೂ ಸೇರಿರುತ್ತವೆ ಎಂಬುದನ್ನು ಮರೆಯಬೇಡಿ.

ಇನ್ನೊಂದು ಮಾತು. ನೀವು ಸ್ಟೇಷನ್ ಹೊರಗೆ ಕೊಂಡ ಕಟ್ಟು ಹಳಿ ಬದಿಯದ್ದೇ ಎಂದು ಹೇಗೆ ಗೊತ್ತು? ನಾಶಿಕದಿಂದ ರಾತ್ರಿ ಲಾರಿಯಲ್ಲಿ ಬಂದದ್ದೂ ಅದೇ ಬುಟ್ಟಿಯಲ್ಲಿ ಇರಬಹುದು. ಮಾರುವ ಭಯ್ಯಾನನ್ನು ಕೇಳಿದರೆ "ಗಾಂವ್ ಕಾ ಮಾಲ್ ಹೈ" ಎನ್ನುತ್ತಾನೆ, ಯಾವ ಗಾಂವ್ ಎಂದು ಹೇಳುವುದಿಲ್ಲ. ಎಲ್ಲಿಯದೆಂದು ತಿಳಿಯದ ಸೊಪ್ಪಿನ ರಿಪೋರ್ಟು ಯಾವ ಮಣ್ಣಿನ ಬಗ್ಗೆಯೂ ಏನೂ ಹೇಳದು. ಆ ಪಾತಿಗಳವರು ಕದ್ದು ಬೆಳೆಯುತ್ತಾರೆಂದು ಕೆಲವರು ಪತ್ರದಲ್ಲಿ ಸಿಟ್ಟಾಗಿದ್ದಾರೆ, ಅದೂ ಸರಿಯಲ್ಲ. ರೈಲ್ವೆ ತನ್ನ ನೌಕರರಿಗೆ ಖಾಲಿ ಜಾಗವನ್ನು ಬೆಳೆಗೆ ಕೊಡುವ 'ಗ್ರೋ ಮೋರ್ ಫುಡ್' ಯೋಜನೆ ಬಹಳ ಹಳೆಯದು. ತಪ್ಪು ಇರುವುದು ನಾಲಾದ ನೀರಿನಲ್ಲಿ. ಅದನ್ನು ಕಪ್ಪು ಮಾಡಿದವರು ಪಾಲಕ್ ಬೆಳೆಯುವವರಲ್ಲ.

ಠಾಣೆಯಲ್ಲಿ ನಮ್ಮದು ಸಣ್ಣ ಹೋಟೆಲು. ಅಣ್ಣನೂ ನಾನೂ ಸೇರಿ ಬದ್ಲಾಪುರದಾಚೆ 20 ಗುಂಟೆ ಜಾಗ ಮಾಡಿದ್ದೇವೆ. ಹೋಟೆಲಿಗೆ ಬೇಕಾದ ಸೊಪ್ಪು ತರಕಾರಿ ಅಲ್ಲೇ ಬೆಳೆಯುವ ಆಸೆ. ಮೊದಲು ಬೇಲಿಯ ಪಕ್ಕದ ಶೆಡ್ಡಿನಲ್ಲಿ ಹಳೇ ಬ್ಯಾಟರಿ ಒಡೆಯುತ್ತಿದ್ದರಂತೆ, ಈಗ ಮುಚ್ಚಿದೆ. ಒಂದು ಪಾತಿ ಪಾಲಕ್ ಹಾಕಿ, ಅದನ್ನು ಪರೀಕ್ಷೆ ಮಾಡಿಸಿ, ಚೆನ್ನಾಗಿ ಬಂದರೆ ಮುಂದುವರಿಯೋಣ ಎಂದು ಅಣ್ಣ. ಸರಿಯೇ?
— ಓದುಗ, ಠಾಣೆ ಪಶ್ಚಿಮ

ಸರಿಯಲ್ಲ. ನಿಮ್ಮ ಪತ್ರ ಓದಿದ ಮೇಲೆಯೇ ಈ ತಿಂಗಳ ತಲೆಬರಹ ಹೊಳೆದದ್ದು.

ಬ್ಯಾಟರಿ ಒಡೆದ ಜಾಗ ಎಂದರೆ ಸೀಸ. ನಿಮ್ಮ ಅಣ್ಣ ಪಾಲಕ್ ಹಾಕುತ್ತಾರೆ, ಚೆನ್ನಾಗಿ ತೊಳೆದು ಲ್ಯಾಬಿಗೆ ಕೊಡುತ್ತಾರೆ, ರಿಪೋರ್ಟಿನಲ್ಲಿ ಸೀಸ ಮಿತಿಯೊಳಗೇ ಬರಬಹುದು. ಮಣ್ಣಿನಲ್ಲಿ ರಾಶಿ ಬಿದ್ದಿದ್ದರೂ ಬರಬಹುದು! ಪಾಸಾಯಿತು ಎಂದು ನೀವು ಮೂಲಂಗಿ ಹಾಕುತ್ತೀರಿ, ಮಕ್ಕಳು ರಜೆಗೆ ಬಂದು ಮಣ್ಣಿನಲ್ಲಿ ಆಡುತ್ತಾರೆ. ಸೀಸದ ಅಪಾಯ ಇರುವುದು ಅಲ್ಲಿ: ಬೇರಿಗೆ ಮೆತ್ತಿದ ಮಣ್ಣು, ಗಾಳಿಗೆ ಏಳುವ ಧೂಳು, ಬಾಯಿಗೆ ಹೋಗುವ ಮಗುವಿನ ಕೈ. ನಿಮಗೆ ಬೇಕಾದದ್ದು ಮಣ್ಣಿನದೇ ಪರೀಕ್ಷೆ. ಅದನ್ನು ಮೊದಲು ಮಾಡಿಸಿ, ಆಮೇಲೆ ಪಾಲಕ್.

ಮಣ್ಣು ತೆಗೆಯುವಾಗ ಬೇಲಿಯ ಹತ್ತಿರದ್ದನ್ನೂ ದೂರದ್ದನ್ನೂ ಬೆರೆಸಬೇಡಿ. ಬೆರೆಸಿದರೆ ಒಳ್ಳೆಯದು ಕೆಟ್ಟದ್ದು ಸೇರಿ ಸರಾಸರಿ ಬಂದು ಎಲ್ಲ ಮುಚ್ಚಿಹೋಗುತ್ತದೆ. ಶೆಡ್ಡಿನ ಕಡೆಯ ಒಂದು ಪಟ್ಟಿ, ನಡು, ಆಚೆ ತುದಿ, ಹೀಗೆ ಮೂರು ಚೀಲ. ಒಂದೊಂದು ಚೀಲಕ್ಕೂ ಅಂಕುಡೊಂಕಾಗಿ ನಡೆದು ಹತ್ತು ಕಡೆಯಿಂದ, ಮೇಲಿನ ಕಸ ಸರಿಸಿ, ಒಂದು ಗೇಣು ಆಳದವರೆಗಿನ ಮಣ್ಣು. ಹೊಸ ತಗಡಿನ ಸಾಮಾನು ಬೇಡ, ಪ್ಲಾಸ್ಟಿಕ್ ಕರಣೆಯೋ ಬಿದಿರಿನ ಸೀಳೋ ಸಾಕು. ಕೂಡಿಸಿ ಕಲಸಿ, ರೊಟ್ಟಿಯ ಹಾಗೆ ಹರಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡನ್ನು ಚೆಲ್ಲಿ. ಅರ್ಧ ಕೆಜಿ ಉಳಿಯುವವರೆಗೂ ಹೀಗೇ ಮಾಡಿ.

ಲ್ಯಾಬಿನವರಿಗೆ ಎರಡು ಲೆಕ್ಕ ಕೇಳಿ. ಒಂದು, ಗಟ್ಟಿ ಆಸಿಡ್ಡಿನಲ್ಲಿ ಕುದಿಸಿ ತೆಗೆಯುವ ಒಟ್ಟು ಲೋಹ. ಇನ್ನೊಂದು, ಡಿಟಿಪಿಎ ದ್ರಾವಣಕ್ಕೆ ಬಿಡುವ ಲೋಹ. 1978ರಲ್ಲಿ ಲಿಂಡ್ಸೆ ಮತ್ತು ನಾರ್ವೆಲ್ ಎಂಬ ಇಬ್ಬರು ಪ್ರಕಟಿಸಿದ ವಿಧಾನ ಅದು: 10 ಗ್ರಾಂ ಮಣ್ಣು, 20 ಮಿಲಿ ದ್ರಾವಣ, ಎರಡು ಗಂಟೆ ಕುಲುಕುವುದು. ಸತು, ಕಬ್ಬಿಣದ ಕೊರತೆ ನೋಡಲೆಂದು ಹುಟ್ಟಿದ್ದು, ಆಮೇಲೆ ಕ್ಯಾಡ್ಮಿಯಂ, ಸೀಸಕ್ಕೂ ಬಳಕೆಗೆ ಬಂತು. ಒಟ್ಟು ಲೋಹ ಎಂದರೆ ಬ್ಯಾಂಕಿನ ಠೇವಣಿ ಇದ್ದ ಹಾಗೆ, ಡಿಟಿಪಿಎ ಲೆಕ್ಕ ಗಿಡದ ಕೈಗೆ ಸಿಗುವ ಚಿಲ್ಲರೆ. ಜೊತೆಗೆ ಪಿಎಚ್, ಅಂದರೆ ಮಣ್ಣು ಎಷ್ಟು ಹುಳಿ ಎಂಬ ಅಳತೆ, ಬರೆಸಿಕೊಳ್ಳಲು ಮರೆಯಬೇಡಿ. ಕೊಂಕಣದ ಮಳೆ ತೊಳೆದ ಮಣ್ಣು ಸಾಮಾನ್ಯವಾಗಿ ಹುಳಿ, ಹುಳಿ ಹೆಚ್ಚಿದಷ್ಟೂ ಕ್ಯಾಡ್ಮಿಯಂ ಸಡಿಲವಾಗಿ ಎಲೆಗೆ ಏರುತ್ತದೆ. ಘಾಟಿನ ಮೇಲಿನ ಕಪ್ಪು ಮಣ್ಣಿನಲ್ಲಿ ಸುಣ್ಣದ ಅಂಶ ಇರುವುದರಿಂದ ಅಷ್ಟೇ ಕ್ಯಾಡ್ಮಿಯಂ ಇದ್ದರೂ ಏರುವುದು ಕಡಿಮೆ.

ಇನ್ನು ಪಾಲಕ್. ಸೀಸಕ್ಕೆ ಬೇಡ ಎಂದೆ ಹೊರತು ಅದು ದಂಡ ಎನ್ನಲಿಲ್ಲ. ಕ್ಯಾಡ್ಮಿಯಂ ನೋಡಲು, ತಟ್ಟೆಗೆ ನಿಜವಾಗಿ ಎಷ್ಟು ಬರುತ್ತದೆ ನೋಡಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ನನ್ನ ಮಾತು ಕೇಳುವುದಾದರೆ ಒಂದೇ ಪಾತಿ ಹಾಕಬೇಡಿ, ನಾಲ್ಕು ಹಾಕಿ. ಒಂದೇ ಪೊಟ್ಟಣದ ಬೀಜ. ಎರಡು ಪಾತಿ ನಿಮ್ಮ ನೆಲದಲ್ಲಿ, ಇನ್ನೆರಡು ಅಲ್ಲೇ ಪಕ್ಕದಲ್ಲಿಟ್ಟ ಕುಂಡಗಳಲ್ಲಿ, ಒಳ್ಳೆಯದೆಂದು ಗೊತ್ತಿರುವ ಮಣ್ಣು ತುಂಬಿ. ನೆಲದ ಒಂದಕ್ಕೆ ಮತ್ತು ಕುಂಡದ ಒಂದಕ್ಕೆ ನಿಮ್ಮ ಬಾವಿ ನೀರು, ಉಳಿದೆರಡಕ್ಕೆ ನಳದ ನೀರು. ನಾಲ್ಕಕ್ಕೂ ಗಾಳಿ ಒಂದೇ. ನೆಲದ ಎರಡರಲ್ಲಿ ಮಾತ್ರ ಲೋಹ ಹೆಚ್ಚಿದ್ದರೆ ಮಣ್ಣು ತಪ್ಪಿತಸ್ಥ. ಬಾವಿ ನೀರಿನ ಎರಡರಲ್ಲಿ ಹೆಚ್ಚಿದ್ದರೆ ನೀರು. ನಾಲ್ಕರಲ್ಲೂ ಇದ್ದರೆ ಆಕಾಶ ನೋಡಿ, ಸುತ್ತ ಯಾವ ಚಿಮಣಿ ಹೊಗೆ ಬಿಡುತ್ತಿದೆ ಎಂದು. ಪೂರ್ತಿ ಖರ್ಚು ನಾಲ್ಕು ಸ್ಯಾಂಪಲ್ಲಿನದು. ಹೋಟೆಲಿಗೆ ದಿನಾ ಬರುವ ಸೊಪ್ಪಿನ ಬಿಲ್ಲಿನ ಮುಂದೆ ಅದು ದೊಡ್ಡದಲ್ಲ.

ದೀಪಾವಳಿ ಕಳೆದ ಮೇಲೆ ಬಿತ್ತಿ. ಮಳೆಗಾಲದಲ್ಲಿ ಹನಿ ಬಿದ್ದು ಮಣ್ಣು ಎಲೆಗೆ ಸಿಡಿಯುತ್ತದೆ, ಬೇಸಿಗೆಯಲ್ಲಿ ಧೂಳು ಕೂರುತ್ತದೆ, ಎರಡೂ ಲೆಕ್ಕ ಕೆಡಿಸುತ್ತವೆ. ನಲವತ್ತು ದಿನಕ್ಕೆ ಕೊಯ್ಯಿರಿ. ಒಂದು ಪಾತಿಯಲ್ಲಿ ಎಳೆ ಎಲೆ, ಇನ್ನೊಂದರಲ್ಲಿ ಬಲಿತದ್ದು ತೆಗೆದರೆ ಹೋಲಿಸಲು ಬರುವುದಿಲ್ಲ, ಬಲಿತ ಎಲೆಯಲ್ಲಿ ಕ್ಯಾಡ್ಮಿಯಂ ಹೆಚ್ಚು ಕೂಡಿರುತ್ತದೆ. ಪ್ರತಿ ಪಾತಿಯ ಇಪ್ಪತ್ತು ಗಿಡಗಳಿಂದ ಒಂದೇ ಪ್ರಾಯದ ಎಲೆ, ತೊಟ್ಟು ಬಿಡುವುದಾದರೆ ಎಲ್ಲದರದ್ದೂ ಬಿಡಿ.

ತೊಳೆಯುವಾಗ ಎಚ್ಚರ. ಇದು ನನ್ನದೇ ಪೆಟ್ಟು ತಿಂದ ಪಾಠ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ತೋಟದ ಹನ್ನೆರಡು ಸ್ಯಾಂಪಲ್ಲಿನಲ್ಲೂ ಸತು ಮಿತಿಮೀರಿ ಬಂತು. ನನಗೋ ಏನೋ ಕಂಡುಹಿಡಿದೆ ಎಂಬ ಹುರುಪು, ರಾತ್ರಿ ಕೂತು ರಿಪೋರ್ಟು ಬರೆದೆ. ನಮ್ಮ ಹಿರಿಯರು ಓದಿ ಏನೂ ಅನ್ನದೆ ಎದ್ದು ಹೋಗಿ, ಮೂಲೆಯಲ್ಲಿದ್ದ ಬಕೆಟ್ಟಿಗೆ ಬೆರಳಿನಿಂದ ಟಕ್ ಟಕ್ ಬಡಿದರು. ಕಲಾಯಿ ಬಕೆಟ್. ಸತುವಿನ ಲೇಪದ ಬಕೆಟ್ಟಿನಲ್ಲಿ ರಾತ್ರಿಯೆಲ್ಲ ಸೊಪ್ಪು ನೆನೆಹಾಕಿದ್ದೆ. ಇಂದಿಗೂ ನಮ್ಮ ಮನೆಯಲ್ಲಿ ಆ ಬಕೆಟ್ ಇಲ್ಲ. ನೀವು ಪ್ಲಾಸ್ಟಿಕ್ ಟಬ್ಬಿನಲ್ಲಿ ನಳದ ನೀರಿನಿಂದ ಎರಡು ಸಲ, ಕೊನೆಗೆ ಡಿಸ್ಟಿಲ್ಡ್ ನೀರಿನಿಂದ ಒಂದು ಸಲ ಜಾಲಿಸಿ. ನೀರು ಆರಿಸಿ, ತೂಕ ಬರೆದುಕೊಂಡು, ಕಾಗದದ ಚೀಲದಲ್ಲಿ ಕೊಡಿ.

ಮಣ್ಣಿನಲ್ಲಿ ಸೀಸ ಹೆಚ್ಚೇ ಬಂದರೆ? ಶೆಡ್ಡಿನ ಕಡೆಯ ಪಟ್ಟಿಯಲ್ಲಿ ಸೊಪ್ಪು, ಗಡ್ಡೆ ಬೇಡ. ಆ ಕಡೆ ಹುಲ್ಲು ಹಬ್ಬಿಸಿ ನೆಲ ಮುಚ್ಚಿಬಿಡಿ, ಧೂಳು ಏಳಬಾರದು. ಸುಣ್ಣ ಹಾಕಿ ಪಿಎಚ್ 6.5ರ ಹತ್ತಿರಕ್ಕೆ ತನ್ನಿ, ಕಾಂಪೋಸ್ಟ್ ಧಾರಾಳವಾಗಿ ಸುರಿಯಿರಿ, ಎರಡೂ ಲೋಹವನ್ನು ಕಟ್ಟಿಹಾಕುತ್ತವೆ. ಹಣ್ಣು ಕಾಯಿಗೆ ಲೋಹ ಹೋಗುವುದು ಎಲೆಗಿಂತ ಕಡಿಮೆ, ಆದ್ದರಿಂದ ಸಾಧಾರಣ ಹೆಚ್ಚಿದ್ದಲ್ಲಿ ಬದನೆ, ಬೆಂಡೆ, ಟೊಮೆಟೊ ನಡೆಯುತ್ತದೆ. ತೀರಾ ಹೆಚ್ಚಿದ್ದರೆ ಯಾವುದೂ ಬೇಡ, ಜಾಗ ಕೊಡಿಸಿದ ಏಜೆಂಟನ್ನು ಹಿಡಿಯಿರಿ. ಸಾಸಿವೆ ಗಿಡ ಹಾಕಿದರೆ ಸೀಸವನ್ನೆಲ್ಲ ಹೀರಿಬಿಡುತ್ತದೆ ಎಂದು ಯಾರಾದರೂ ಬೀಜ ಮಾರಲು ಬಂದರೆ ಚಹಾ ಕುಡಿಸಿ ಕಳಿಸಿ.

ನಾನು ಪುಣೆಯಲ್ಲಿ ಎಂಎಸ್ಸಿ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಊರ ಹೊರಗಿನ ಒಂದು ತೋಟದ ಪಾಲಕ್ ಒಣಗಿಸಿ, ಮಿಕ್ಸಿಯಲ್ಲಿ ಪುಡಿ ಮಾಡಿ ಕೊಟ್ಟೆ. ಕ್ಯಾಡ್ಮಿಯಂ ಕೆಜಿಗೆ 1.8 ಮಿಗ್ರಾಂ ಬಂದಿದೆ. ಮಿತಿ 0.2, ಅಂದರೆ 9 ಪಟ್ಟು! ಕ್ರೋಮಿಯಂ, ನಿಕ್ಕಲ್ ಕೂಡ ಎಲೆಯಲ್ಲೂ ಮಣ್ಣಲ್ಲೂ ತುಂಬಾ ಇದೆ. ಆ ರೈತರಿಗೆ ಹೇಳಬೇಕೇ?
— ವಿದ್ಯಾರ್ಥಿನಿ, ಪುಣೆ

ಸ್ವಲ್ಪ ತಡಿ ಮಗಳೇ, ರೈತನ ಮನೆ ಬಾಗಿಲಿಗೆ ಹೋಗುವ ಮೊದಲು ಕ್ಯಾಲ್ಕುಲೇಟರ್ ತೆಗೆ. ಆಹಾರಕ್ಕೆ ಅಂತರರಾಷ್ಟ್ರೀಯ ಮಾನದಂಡ ಹಾಕುವ ಕೋಡೆಕ್ಸ್ ಸಂಸ್ಥೆ ಸೊಪ್ಪಿಗೆ ಹಾಕಿದ ಮಿತಿ, ಕ್ಯಾಡ್ಮಿಯಂ 0.2, ಸೀಸ 0.3, ಹಸಿ ಸೊಪ್ಪಿನ ಕೆಜಿಗೆ. ನಿನ್ನದು ಒಣ ಪುಡಿಯ ಲೆಕ್ಕ. ಪಾಲಕ್‌ನಲ್ಲಿ ನೂರಕ್ಕೆ ತೊಂಬತ್ತೊಂದು, ತೊಂಬತ್ತೆರಡು ಪಾಲು ನೀರು. ಹನ್ನೆರಡರಿಂದ ಭಾಗಿಸು, 0.15 ಬರುತ್ತದೆ. ಮಿತಿಯ ಒಳಗಿದೆ, ಆದರೆ ಕೊಂಡಾಡುವಷ್ಟು ಕೆಳಗೂ ಇಲ್ಲ. ಇದೇ ಎಡವಟ್ಟು ಪತ್ರಿಕೆಗಳ ತಲೆಬರಹದಲ್ಲೂ ಆಗುತ್ತದೆ, 'ಪಾಲಕ್‌ನಲ್ಲಿ ಹತ್ತು ಪಟ್ಟು ವಿಷ' ಎಂದು ಕಂಡಾಗಲೆಲ್ಲ ಒಣದ್ದೋ ಹಸಿಯದೋ ಎಂದು ಹುಡುಕುವುದು ನನ್ನ ಚಾಳಿ.

ಮಿತಿಗೆ ಅರ್ಥ ಏನೆಂದು ಕೂಡ ನೋಡೋಣ. ಆಹಾರದ ವಿಷಾಂಶ ನೋಡುವ ಅಂತರರಾಷ್ಟ್ರೀಯ ತಜ್ಞರ ಸಮಿತಿ 2010ರಲ್ಲಿ ಹೇಳಿದ್ದು: ತಿಂಗಳಿಗೆ ದೇಹದ ಒಂದು ಕೆಜಿ ತೂಕಕ್ಕೆ 25 ಮೈಕ್ರೋಗ್ರಾಂ ಕ್ಯಾಡ್ಮಿಯಂ ಮೀರಬಾರದು. 60 ಕೆಜಿಯವರಿಗೆ 1500. ಮಿತಿಯಲ್ಲೇ ನಿಂತ ಪಾಲಕ್ ದಿನಾ 100 ಗ್ರಾಂ ತಿಂದರೆ ತಿಂಗಳಿಗೆ 600 ಆಯಿತು. ಉಳಿದದ್ದರಲ್ಲಿ ಅನ್ನ, ಚಪಾತಿ, ಮತ್ತೆ ಬೀಡಿ ಸಿಗರೇಟು ಸೇದುವವರಿಗೆ ಅದೂ ಸೇರಬೇಕು. ಮೂತ್ರಪಿಂಡದಲ್ಲಿ ಕೂತ ಕ್ಯಾಡ್ಮಿಯಂ ಅರ್ಧ ಇಳಿಯಲು ಹತ್ತರಿಂದ ಮೂವತ್ತು ವರ್ಷ ಬೇಕು. ಜಪಾನಿನ ತೊಯಾಮಾದಲ್ಲಿ ಗಣಿಯ ಕ್ಯಾಡ್ಮಿಯಂ ಜಿಂಜು ನದಿಯಿಂದ ಗದ್ದೆಗೆ ಬಂದು, ಅನ್ನದ ಮೂಲಕ ಹೆಂಗಸರ ಎಲುಬು ಪುಡಿಯಾದದ್ದನ್ನು 'ಇತಾಯಿ ಇತಾಯಿ' ಎನ್ನುತ್ತಾರೆ. ಜಪಾನೀ ಭಾಷೆಯಲ್ಲಿ 'ಅಯ್ಯೋ ನೋವು' ಎಂದು. 1968ರಲ್ಲಿ ಅಲ್ಲಿನ ಸರ್ಕಾರ ಅದು ಮಾಲಿನ್ಯದ ಕಾಯಿಲೆಯೆಂದು ಒಪ್ಪಿತು.

ಕ್ರೋಮಿಯಂ, ನಿಕ್ಕಲ್ ವಿಚಾರ. ಮಣ್ಣಿನಲ್ಲಿರುವುದಕ್ಕೆ ಗಾಬರಿ ಬೇಡ, ಪುಣೆಯ ಕಪ್ಪು ಮಣ್ಣು ಹುಟ್ಟಿದ್ದೇ ಜ್ವಾಲಾಮುಖಿಯ ಕರಿಕಲ್ಲಿನಿಂದ. ಕ್ರೋಮಿಯಂ, ನಿಕ್ಕಲ್, ತಾಮ್ರ ಆ ಕಲ್ಲಿನ ಹುಟ್ಟುಗುಣ. ಬೇರೆ ದೇಶದ ಮರಳು ಮಣ್ಣಿನ ಸಂಖ್ಯೆಯೊಂದಿಗೆ ಹೋಲಿಸಿದರೆ ಇಡೀ ದಖ್ಖನ್ನೇ ಕಲುಷಿತ ಎನ್ನಬೇಕಾದೀತು. ಹತ್ತಿರದ, ನಾಲಾ ನೀರು ಮುಟ್ಟದ ಹೊಲದ ಮಣ್ಣಿನೊಂದಿಗೆ ಹೋಲಿಸು. ಎಲೆಯಲ್ಲಿರುವುದಕ್ಕೆ ಉತ್ತರ ನಿನ್ನ ಅಡುಗೆಮನೆಯ ಮಿಕ್ಸಿಯಲ್ಲಿದೆ: ನೂರಕ್ಕೆ ಹತ್ತು ಪಾಲಿಗಿಂತ ಹೆಚ್ಚು ಕ್ರೋಮಿಯಂ ಇದ್ದರೇ ಅದು ಸ್ಟೇನ್‌ಲೆಸ್ ಸ್ಟೀಲು, ಒಣ ಎಲೆ ಅದನ್ನು ಉಜ್ಜುತ್ತದೆ. ಪಿಂಗಾಣಿ ಕುಟ್ಟಾಣಿಯಲ್ಲಿ ಕುಟ್ಟಿ ಇನ್ನೊಮ್ಮೆ ಮಾಡಿಸು. ಆಮೇಲೂ ಕ್ರೋಮಿಯಂ ನಿಂತರೆ ಎಲೆಯ ಕಬ್ಬಿಣ, ಟೈಟಾನಿಯಂ ನೋಡು, ಅವೂ ಹೆಚ್ಚಿದ್ದರೆ ತೊಳೆದದ್ದು ಸಾಲದು, ಮಣ್ಣು ಉಳಿದಿದೆ. ಅಷ್ಟಾದ ಮೇಲೆ ರೈತರಿಗೆ ಖಂಡಿತ ಹೇಳು, ಮರಾಠಿಯಲ್ಲಿ ಒಂದು ಹಾಳೆ ಬರೆದುಕೊಡು.

ನಾವು ಗೋವೆಯ ಡಿಚೋಲಿಯಲ್ಲಿದ್ದೇವೆ. ಮಣ್ಣೆಲ್ಲ ಗಣಿಯ ಕೆಂಪು. ಇಲ್ಲಿನ ತಾಂಬ್ಡಿ ಭಾಜಿ ಕೆಂಪಗಿರುವುದು ಆ ಲೋಹದಿಂದಲೇ ಎಂದು ನಮ್ಮ ಅತ್ತೆ ತಿನ್ನುವುದನ್ನೇ ಬಿಟ್ಟಿದ್ದಾರೆ.
— ಓದುಗಿ, ಡಿಚೋಲಿ

ಅತ್ತೆಯವರಿಗೆ ಬಡಿಸಿ. ತಾಂಬ್ಡಿ ಭಾಜಿ ಎಂದರೆ ನಮ್ಮ ಕೆಂಪು ಹರಿವೆಯೇ, ಬೀಟ್‌ರೂಟಿನ ಕೆಂಪಿನ ಜಾತಿಯದೇ ಬಣ್ಣ ಅದು. ಬಿಳಿ ಮರಳಿನಲ್ಲಿ ಬಿತ್ತಿದರೂ ಕೆಂಪಾಗಿಯೇ ಏಳುತ್ತದೆ. ಮಣ್ಣಿನ ಕೆಂಪು ಕಬ್ಬಿಣದ ತುಕ್ಕು. ವಿಚಿತ್ರವೆಂದರೆ ಆ ತುಕ್ಕು ಸೀಸ, ಆರ್ಸೆನಿಕ್‌ನಂಥವನ್ನು ತನ್ನ ಮೈಗೆ ಅಂಟಿಸಿಕೊಂಡು ಗಿಡಕ್ಕೆ ಸಿಗದಂತೆ ತಡೆಯುತ್ತದೆ. ನಿಮ್ಮಲ್ಲಿ ನೋಡಬೇಕಾದದ್ದು ಮ್ಯಾಂಗನೀಸ್. ಅದಿರಿನ ಜೊತೆ ಅದೂ ಇರುತ್ತದೆ, ಮಣ್ಣು ಹುಳಿಯಾದರೆ ಎಲೆಗೆ ಏರುತ್ತದೆ, ಬಲಿತ ಎಲೆಯಲ್ಲಿ ಕಂದು ಚುಕ್ಕೆ ಬೀಳುವುದು ಒಂದು ಗುರುತು. ಮಳೆಗಾಲಕ್ಕೆ ಮೊದಲು ಸುಣ್ಣ ಹಾಕಿ, ಗಣಿ ಗುಡ್ಡೆಯಿಂದ ಇಳಿಯುವ ಕೆಸರು ನೀರು ಪಾತಿಗೆ ನುಗ್ಗದಂತೆ ಬದು ಕಟ್ಟಿ.

ನಾಲಾ ಬದಿಯಲ್ಲಿ ಕೆಸುವಿನ ಎಲೆ ಆನೆ ಕಿವಿಯಷ್ಟು ಬೆಳೆದಿದೆ. ಪತ್ರೊಡೆ ಮಾಡಿದರೆ ಹುಣಸೆಹುಳಿ ವಿಷ ತೆಗೆಯುವುದಿಲ್ಲವೇ?
— ಓದುಗ, ಭಾಂಡುಪ್

ತೆಗೆಯುವುದಿಲ್ಲ. ಹುಣಸೆಹುಳಿ ತೆಗೆಯುವುದು ತುರಿಕೆಯನ್ನು. ಉಪ್ಪುನೀರು, ವಿನೆಗರ್, ಅಡುಗೆ ಸೋಡಾ ಎಂದು ಕೇಳಿದ ಇನ್ನೂ ಐವರಿಗೆ ಇದೇ ಉತ್ತರ: ಮೇಲಿನ ಧೂಳಿಗೆ ಹರಿಯುವ ನೀರೇ ಸಾಕು, ಒಳಗೆ ಸೇರಿದ ಲೋಹಕ್ಕೆ ಯಾವುದೂ ಸಾಲದು. ಪತ್ರೊಡೆ ಎಂದರೆ ನನಗೂ ಬಾಯಲ್ಲಿ ನೀರೂರುತ್ತದೆ, ಆದರೆ ಆ ಎಲೆ ಬೇಡ. ಊರಿಂದ ಬರುವವರಿಗೆ ಹೇಳಿ ತರಿಸಿ.

ಬಾಲ್ಕನಿಯಲ್ಲಿ ಮೀನಿನ ಥರ್ಮೊಕೋಲ್ ಪೆಟ್ಟಿಗೆಗೆ ಮಣ್ಣು ತುಂಬಿ ಬಸಳೆ ಹಬ್ಬಿಸಿದ್ದೇನೆ. ಆರನೇ ಮಹಡಿ, ನಾಲಾ ಇಲ್ಲ, ಹಳಿ ಇಲ್ಲ. ನಿಶ್ಚಿಂತೆಯಿಂದ ತಿನ್ನಬಹುದಲ್ಲ?
— ಓದುಗಿ, ಬೊರಿವಲಿ

ಪೆಟ್ಟಿಗೆಗೆ ತೊಂದರೆ ಇಲ್ಲ. ನೀವು ಕಳಿಸಿದ ಫೋಟೋದಲ್ಲಿ ನನ್ನ ಕಣ್ಣು ಹೋದದ್ದು ಬಸಳೆಯ ಮೇಲಿನ ಗ್ರಿಲ್ಲಿಗೆ. ಹಸಿರು ಬಣ್ಣ ಸಿಪ್ಪೆ ಸಿಪ್ಪೆಯಾಗಿ ಏಳುತ್ತಿದೆ, ಕಟ್ಟಡವೂ ಹಳೆಯದು ಎಂದಿದ್ದೀರಿ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಮೊದಲಿನ ಬಣ್ಣದಲ್ಲಿ ಎಷ್ಟಿತ್ತೋ. ಮಳೆ ಬಂದಾಗ ಆ ಸಿಪ್ಪೆ ಬೀಳುವುದು ನೇರ ನಿಮ್ಮ ಪೆಟ್ಟಿಗೆಗೆ. ಗ್ರಿಲ್ಲನ್ನು ಒಣಗಿದ ಹಾಗೇ ಉಜ್ಜಿಸಬೇಡಿ, ನೀರು ಚಿಮುಕಿಸಿ ಕೆರೆಸಿ, ಮಕ್ಕಳನ್ನು ಒಳಗೆ ಕಳಿಸಿ. ಪೆಟ್ಟಿಗೆಯ ಮೇಲಿನ ನಾಲ್ಕು ಬೆರಳು ಮಣ್ಣು ತೆಗೆದು ಹೊಸದು ಹಾಕಿ. ಬಳ್ಳಿಗೆ ನೂಲಿನ ಹಗ್ಗ ಕಟ್ಟಿ ಗೋಡೆಯ ಕಡೆ ತಿರುಗಿಸಿ, ಪೆಟ್ಟಿಗೆಯನ್ನು ಗ್ರಿಲ್ಲಿನ ಅಡಿಯಿಂದ ಒಂದು ಮೊಳ ಈಚೆಗೆ ಎಳೆಯಿರಿ.